ನಾಡದೋಣಿಯ ಒಂದು ಹಲಗೆಗೂ ಸಹಾಯಧನ ಬೇಕು

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಮಲ್ಪೆ, ಗಂಗೊಳ್ಳಿ, ತದಡಿಯಲ್ಲಿ ಟ್ರಾಲ್ ಬೋಟು, ಪರ್ಸೀನ್ ಬೋಟುಗಳು ಒಂದಕ್ಕೊಂದು ಮೈ ತಾಗಿಸಿಕೊಂಡು ದಕ್ಕೆಯಲ್ಲಿ ನಿಂತಿರುತ್ತವೆ. ಮೀನು ಮೊಟ್ಟೆಯಿಡುವ ಕಾಲವೆಂದು ಯಾಂತ್ರಿಕ ಮೀನುಗಾರಿಕೆಗೆ ಆಗ ನಿಷೇಧ. ನಮ್ಮ ಸುಮಾರು 320 ಕಿಲೋಮೀಟರ್ ಕರಾವಳಿಯಲ್ಲಿ ಆ ಎರಡು ತಿಂಗಳು ಕಡಲಿಗಿಳಿಯಬಹುದಾದದ್ದು ನಾಡದೋಣಿ ಮಾತ್ರ. ಎಂಜಿನ್ ಕಟ್ಟಿದ್ದರೆ ಅದು 10 ಅಶ್ವಶಕ್ತಿ ಮೀರಬಾರದು. ತೂಫಾನ್ ಎದ್ದು ಕಡಲು ಕಲಕಿದ ಮೇಲೆ ಸಿಗಡಿಯೂ ಬಂಗುಡೆಯೂ ದಡದ ಹತ್ತಿರ ಬರುವ ಆ ಕೆಲವು ದಿನಗಳಿಗಾಗಿ ಸಾವಿರಾರು ಕುಟುಂಬಗಳು ಕಾಯುತ್ತವೆ. ಹಾಗೆ ಕಾಯುವ ದೋಣಿಗಳಲ್ಲಿ ಎಷ್ಟೋ ಹಳೆಯವು, ತೇಪೆಯ ಮೇಲೆ ತೇಪೆ ಹಾಕಿಸಿಕೊಂಡವು. ಇದನ್ನು ಕೊಟ್ಟು ಹೊಸದು ತನ್ನಿ ಎಂದರೆ ಮಾಲೀಕರು ಸುಲಭಕ್ಕೆ ಒಪ್ಪುವುದಿಲ್ಲ. ಕೇಳಿದವರು ಇದನ್ನು ಹಳಬರ ಹಟ ಎಂದುಬಿಡುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಆ ಮಮತೆಯ ಒಳಗೆ ಗಟ್ಟಿಯಾದ ಒಂದು ಲೆಕ್ಕವಿದೆ, ನಮ್ಮ ಮೀನುಗಾರಿಕೆ ಯೋಜನೆಗಳು ಆ ಲೆಕ್ಕವನ್ನು ಇನ್ನೂ ಓದಿಲ್ಲ.

ಮೊದಲು ಹಣದ ಮಾತು. ದೋಣಿಯಲ್ಲಿ ದುಡಿಯುವವರಿಗೆ ತಿಂಗಳ ಸಂಬಳವಿಲ್ಲ, ಪಾಲು. ಮೀನು ಮಾರಿ ಬಂದ ಹಣದಲ್ಲಿ ಎಣ್ಣೆಯ ಖರ್ಚು ಕಳೆದು, ದೋಣಿಗೂ ಬಲೆಗೂ ಇಷ್ಟು ಎಂದು ತೆಗೆದಿಟ್ಟು, ಮಿಕ್ಕದ್ದನ್ನು ಹೋದವರೆಲ್ಲ ಹಂಚಿಕೊಳ್ಳುತ್ತಾರೆ. ಸಾಲ ಮಾಡಿ ತಂದ ಹೊಸ ದೋಣಿಯ ಪಾಲು ಮಾಲೀಕನ ಮನೆ ಹೊಸ್ತಿಲು ದಾಟುವ ಮೊದಲೇ ಸೊಸೈಟಿಯ ಕಂತಿಗೆ ಹೋಗುತ್ತದೆ. ಸಾಲ ತೀರಿದ ಹಳೆಯ ದೋಣಿಯ ಪಾಲು ನೇರ ಅಡುಗೆಮನೆಗೆ ಬರುತ್ತದೆ. ಮತ್ಸ್ಯಕ್ಷಾಮದ ವರ್ಷ ಈ ವ್ಯತ್ಯಾಸ ಬದುಕಿನ ಪ್ರಶ್ನೆಯೇ ಆಗುತ್ತದೆ. ಹಳೆಯ ದೋಣಿ ಖಾಲಿ ಬಂದರೆ ನಷ್ಟ ಒಂದು ದಿನದ ಮೈದುಡಿಮೆ, ಒಂದಿಷ್ಟು ಎಣ್ಣೆ. ಸಾಲದ ದೋಣಿಯನ್ನು ದಡಕ್ಕೆ ಎಳೆದಿಟ್ಟರೂ ಬಡ್ಡಿ ಏರುತ್ತಲೇ ಇರುತ್ತದೆ. ಇನ್ನೊಂದು ಸೂಕ್ಷ್ಮವಿದೆ: ಕಂತಿನ ದಿನ ಹತ್ತಿರ ಬಂದಾಗ ಗಾಳಿ ಕೆಟ್ಟಿದ್ದರೂ ಹೊರಡಲೇಬೇಕೆಂಬ ಒತ್ತಡ ಬೀಳುತ್ತದೆ. ಸಾಲವಿಲ್ಲದವನು ಮೋಡ ನೋಡಿ 'ಇವತ್ತು ಬೇಡ' ಎನ್ನಬಲ್ಲ. ಆ ಎರಡು ಪದಗಳನ್ನು ಹೇಳುವ ಸ್ವಾತಂತ್ರ್ಯವನ್ನು ಅವನಿಗೆ ಕೊಟ್ಟಿರುವುದು ಹಳೆಯ ದೋಣಿ.

ಇನ್ನು ದೋಣಿಯ ಮೈ. ನಮ್ಮ ಕರಾವಳಿಯ ಹಳೆಯ ಮರದ ದೋಣಿಗಳಿಗೆ ಹೆಬ್ಬಲಸಿನ ಹಲಗೆ, ಒಂದೇ ದಿಮ್ಮಿ ಕೊರೆದು ಮಾಡುವ ಪಾತಿ ದೋಣಿಗೆ ಹೆಚ್ಚಾಗಿ ಮಾವು. ಹಿಂದೆ ಹಲಗೆಗಳ ಅಂಚಿನುದ್ದಕ್ಕೂ ತೂತು ಕೊರೆದು, ತೆಂಗಿನ ನಾರಿನ ಹುರಿಯಿಂದ ಬಟ್ಟೆ ಹೊಲಿದಂತೆ ಹೊಲಿಯುತ್ತಿದ್ದರು. ಕಬ್ಬಿಣ ಸಿಗುತ್ತಿರಲಿಲ್ಲ ಎಂದು ಹಾಗೆ ಮಾಡಿದ್ದಲ್ಲ. ದಕ್ಕೆಯಿಲ್ಲದ ದಡದಲ್ಲಿ ದೋಣಿ ಅಲೆಯ ಬೆನ್ನೇರಿ ಬಂದು ಮರಳಿಗೆ ಬಡಿಯುತ್ತದೆ. ಆ ಪೆಟ್ಟಿಗೆ ಮೊಳೆ ಹೊಡೆದ ಜಾಗ ಬಿರಿಯುತ್ತದೆ, ಹೊಲಿಗೆಯಾದರೆ ತುಸು ಬಾಗಿ ಮತ್ತೆ ತನ್ನ ಜಾಗಕ್ಕೆ ಬಂದು ಕೂರುತ್ತದೆ. ಹಲಗೆಯ ಸಂದಿಗೆ ಹತ್ತಿಯನ್ನೋ ನಾರನ್ನೋ ಗಿಡಿದು, ರಾಳ ಕಾಯಿಸಿ ಹುಯ್ದು, ಹೊರಮೈಗೆ ಗೇರುಬೀಜದ ಸಿಪ್ಪೆಯೆಣ್ಣೆ, ಇಲ್ಲವೇ ಬೂತಾಯಿ ಎಣ್ಣೆ ಬಳಿದರೆ ಮರ ಕೊರೆಯುವ ಕಡಲಹುಳು ಬೇಗ ಹತ್ತಿರ ಸುಳಿಯುವುದಿಲ್ಲ. ಈ ಕೆಲಸವನ್ನು ವರ್ಷ ವರ್ಷ ತನ್ನ ಕೈಯಾರೆ ಮಾಡಿದ ಮಾಲೀಕನಿಗೆ ದೋಣಿಯ ಒಂದೊಂದು ಹಲಗೆಯ ಚರಿತ್ರೆಯೂ ಗೊತ್ತು. ಬೆರಳ ಗೆಣ್ಣಿನಿಂದ ತಟ್ಟಿದರೆ ಸಾಕು, ಸದ್ದು ಟೊಳ್ಳಾದ ಕಡೆ ಮರ ಕೊಳೆತಿದೆ ಎಂದು ತಿಳಿಯುತ್ತದೆ. ಅಷ್ಟನ್ನೇ ಕಿತ್ತು ಹೊಸ ಹಲಗೆ ಕೂರಿಸುತ್ತಾರೆ, ಉಳಿದ ದೋಣಿ ಹಾಗೇ ಉಳಿಯುತ್ತದೆ. ಕೆಟ್ಟದ್ದು ಎಲ್ಲಿ ಎಂದು ಗೊತ್ತಿರುವ, ಕೆಟ್ಟಷ್ಟನ್ನೇ ತೆಗೆಯಬಹುದಾದ ಆಸ್ತಿ ಬಡವನಿಗೆ ಬೇರೆ ಯಾವುದಿದೆ?

ಇದು ಮರದ ಮೇಲಿನ ಹಳೆಯ ವ್ಯಾಮೋಹ ಎನ್ನುವವರಿಗೆ ಒಂದು ಮಾತು. ಇಂದು ದಡದಲ್ಲಿರುವ ನಾಡದೋಣಿಗಳಲ್ಲಿ ಫೈಬರಿನವೇ ಎದ್ದು ಕಾಣುತ್ತವೆ. ಫೈಬರ್ ಹಗುರ, ನಾಲ್ಕು ಜನ ಸೇರಿದರೆ ಮರಳಿಗೆ ಎಳೆಯಬಹುದು, ಹುಳುವಿನ ಕಾಟವಿಲ್ಲ. ಎಳೆಯಲು ಜನ ಸಿಗದ ಈ ಕಾಲದಲ್ಲಿ ಇದೇನು ಸಣ್ಣ ಅನುಕೂಲವಲ್ಲ. ಆದರೆ ನೋಡಿ, ಫೈಬರ್ ದೋಣಿಯೂ ಹಳತಾದ ಮೇಲೆ ಅದರ ಮೇಲೂ ಅದೇ ಮಮತೆ ಬೆಳೆಯುತ್ತದೆ. ಬಿರುಕು ಬಿಟ್ಟಲ್ಲಿ ಗಾಜಿನೆಳೆಯ ಹಾಳೆ ಹಾಸಿ, ರೆಸಿನ್ ಬಳಿದು, ಉಜ್ಜಿ, ಬಣ್ಣ ಹೊಡೆದು ಮತ್ತೆ ಕಡಲಿಗಿಳಿಸುತ್ತಾರೆ. ಹಾಗಿದ್ದ ಮೇಲೆ ಪ್ರೀತಿ ಇರುವುದು ಮರಕ್ಕಲ್ಲ. ತನ್ನ ಕೈಗೆ ಬಗ್ಗುವ, ತನಗೆ ಅರ್ಥವಾಗುವ ಸಾಧನಕ್ಕೆ.

ಚರಿತ್ರೆಯೂ ಮಾಲೀಕರ ಪರವಾಗಿಯೇ ಇದೆ. 1970ರ ದಶಕದ ಉತ್ತರಾರ್ಧದಲ್ಲಿ ಪರ್ಸೀನ್ ಬಲೆ ಬಂದಾಗ, ಊರಿಗೆ ಊರೇ ದಡದಲ್ಲಿ ನಿಂತು ಎಳೆಯುತ್ತಿದ್ದ ರಂಪಣಿ ಬಲೆ ಕೆಲವೇ ವರ್ಷಗಳಲ್ಲಿ ಮೂಲೆ ಸೇರಿತು. ದಡಕ್ಕೆ ಬರಬೇಕಿದ್ದ ಬೂತಾಯಿ, ಬಂಗುಡೆಯ ಹಿಂಡನ್ನು ಯಂತ್ರದ ಬೋಟು ಆಚೆಯೇ ಸುತ್ತುಗಟ್ಟಿ ಹಿಡಿಯತೊಡಗಿತ್ತು. ರಂಪಣಿಯೊಂದಿಗೆ ದೋಣಿಯ ಕಾಲವೂ ಮುಗಿಯಬೇಕಿತ್ತು, ಮುಗಿಯಲಿಲ್ಲ. ದೋಣಿ ಔಟ್‌ಬೋರ್ಡ್ ಎಂಜಿನ್ ಕಟ್ಟಿಕೊಂಡಿತು, ಮಾಟುಬಲೆ, ಕಂತುಬಲೆ, ಗಾಳ ಎಂದು ಋತುವಿಗೆ ತಕ್ಕ ಹಾಗೆ ಕಸುಬು ಬದಲಿಸಿತು. ಒಂದೇ ಬಗೆಯ ಬಲೆಗೆಂದು ಕಟ್ಟಿದ ದೊಡ್ಡ ಬೋಟಿಗೆ ಈ ಬಗ್ಗುವ ಗುಣ ಇಲ್ಲ.

ಆಕ್ಷೇಪಗಳಲ್ಲಿ ತೂಕದ್ದು ಸುರಕ್ಷತೆಯದು. ಮಳೆಗಾಲದಲ್ಲಿ ಅಳಿವೆ ಬಾಯಲ್ಲಿ ದೋಣಿ ಮಗುಚಿ ಜೀವ ಹೋಗುವುದು ನಿಜ, ಹಳೆಯ ದೋಣಿಯ ಒಳಗೊಳಗೇ ಕೊಳೆತ ಹಲಗೆ ಅಪಾಯವೆನ್ನುವುದೂ ನಿಜ. ಇದನ್ನು ಮಮತೆಯ ಹೆಸರಲ್ಲಿ ಮುಚ್ಚಿಡಬಾರದು. ಆದರೆ ಅಳಿವೆಯಲ್ಲಿ ಹೂಳು ತುಂಬಿ ಅಲೆ ಒಡೆಯುವ ಜಾಗದಲ್ಲಿ ಹೊಸ ದೋಣಿಯೂ ಮಗುಚುತ್ತದೆ. ಅಲ್ಲಿ ಬೇಕಾದದ್ದು ಹೂಳೆತ್ತುವುದು, ತಡೆಗೋಡೆ, ಪ್ರತಿಯೊಬ್ಬರ ಮೈಮೇಲೆ ಲೈಫ್ ಜಾಕೆಟ್. ಕೊಳೆತ ಹಲಗೆಗೆ ಉತ್ತರ ವರ್ಷಕ್ಕೊಂದು ತಪಾಸಣೆ, ಸಕಾಲದ ದುರಸ್ತಿ. ಇನ್ನೊಂದು ಆಕ್ಷೇಪ ಉತ್ಪಾದನೆಯದು: ರಾಜ್ಯದ ಮೀನಿನ ಬಹುಪಾಲು ತರುವುದು ದೊಡ್ಡ ಬೋಟುಗಳು, ಸಣ್ಣದನ್ನು ಹಿಡಿದು ಕೂತರೆ ಹೇಗೆ ಎಂದು. ತೂಕದ ಲೆಕ್ಕದಲ್ಲಿ ಇದು ಸರಿ. ಆದರೆ ಟ್ರಾಲ್ ಬಲೆ ತರುವ ರಾಶಿಯಲ್ಲಿ ತಿನ್ನಲು ಬಾರದ ಸಣ್ಣ ಮೀನು, ಮರಿಗಳ ಪಾಲು ದೊಡ್ಡದು, ಅದು ಹೋಗುವುದು ಫಿಶ್‌ಮೀಲ್ ಕಾರ್ಖಾನೆಗೆ. ನಾಡದೋಣಿಯ ಮೀನು ಬೆಳಿಗ್ಗೆ ಹಿಡಿದದ್ದು ಮಧ್ಯಾಹ್ನದ ಸಾರಿಗೆ ಬರುತ್ತದೆ, ಮೀನು ಮಾರುವ ಹೆಂಗಸರ ಬುಟ್ಟಿ ತುಂಬುವುದೂ ಅದರಿಂದಲೇ. ಬೆಳಕು ಹಾಯಿಸಿ ಮೀನು ಹಿಡಿಯುವುದನ್ನೂ ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲ್ ಅನ್ನೂ ಕೇಂದ್ರ ಸರ್ಕಾರವೇ 2017ರಲ್ಲಿ ನಿಷೇಧಿಸಬೇಕಾಯಿತು. ದೊಡ್ಡದಾದಷ್ಟೂ ಒಳ್ಳೆಯದು ಎಂಬ ನಂಬಿಕೆ ಎಲ್ಲಿಗೆ ಮುಟ್ಟಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಈಗ ಯೋಜನೆಗಳ ಕಡೆ ನೋಡೋಣ. 2020ರಲ್ಲಿ ಬಂದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆ ಆಳಸಮುದ್ರದ ಬೋಟಿಗೆ 120 ಲಕ್ಷ ರೂಪಾಯಿ ಘಟಕ ವೆಚ್ಚ ನಿಗದಿ ಮಾಡಿತು. ಸಾಂಪ್ರದಾಯಿಕ ಮೀನುಗಾರರಿಗೆ ಬಲೆಯೂ ಸೇರಿ 5 ಲಕ್ಷ, ಅದೂ ಹಳೆಯ ದೋಣಿಗೆ ಬದಲಾಗಿ ಹೊಸದು ತರಲು. ಸಹಾಯಧನ ಸಾಮಾನ್ಯ ವರ್ಗಕ್ಕೆ ಶೇ. 40, ಪರಿಶಿಷ್ಟರಿಗೂ ಮಹಿಳೆಯರಿಗೂ ಶೇ. 60, ಮಿಕ್ಕದ್ದನ್ನು ಮೀನುಗಾರ ತನ್ನ ಕೈಯಿಂದಲೋ ಸಾಲ ಮಾಡಿಯೋ ಹಾಕಬೇಕು. ದೋಣಿ ಪೂರ್ತಿ ಸತ್ತವನಿಗೆ ಇದು ದೊಡ್ಡ ಆಸರೆ, ಸಂಶಯವಿಲ್ಲ. ಆದರೆ ನಾಲ್ಕು ಹಲಗೆ ಬದಲಿಸಿದರೆ ಇನ್ನೂ ಬಹಳ ವರ್ಷ ನಡೆಯುವ ದೋಣಿಯ ಮಾಲೀಕನನ್ನು ಮತ್ತೆ ಸಾಲದ ಬಾಗಿಲಿಗೆ ಕಳಿಸುವುದು ಯಾವ ನ್ಯಾಯ?

ರಾಜ್ಯ ಸರ್ಕಾರಕ್ಕೆ ನನ್ನ ಬೇಡಿಕೆ ದೊಡ್ಡದೇನಲ್ಲ. ನಾಡದೋಣಿಯ ದುರಸ್ತಿಗೆ, ಮರದ್ದಿರಲಿ ಫೈಬರಿನದ್ದಿರಲಿ, ಮೀನುಗಾರಿಕಾ ಇಲಾಖೆ ನೇರ ಸಹಾಯಧನ ಕೊಡಲಿ, ಅದರ ಜೊತೆಗೇ ತಪಾಸಣೆಯನ್ನೂ ಕಡ್ಡಾಯ ಮಾಡಲಿ. ಅರಣ್ಯ ಇಲಾಖೆಯ ಡಿಪೋಗಳಲ್ಲಿ ಹರಾಜಿಗೆ ಹೋಗುವ ಹೆಬ್ಬಲಸಿನ ದಿಮ್ಮಿಗಳಲ್ಲಿ ಒಂದಿಷ್ಟನ್ನು ದೋಣಿ ದುರಸ್ತಿಗೆಂದು ರಿಯಾಯಿತಿ ದರದಲ್ಲಿ ತೆಗೆದಿಡಲಿ. ದೋಣಿ ಕಟ್ಟುವ ಆಚಾರಿಗಳ ಸಂಖ್ಯೆ ಕರಗುತ್ತಿದೆ. ಉಳಿದವರ ಕೈಕೆಳಗೆ ನಾಲ್ಕು ಹುಡುಗರು ಕೆಲಸ ಕಲಿಯುವಂತೆ ತರಬೇತಿ ಭತ್ಯೆ ಸಿಗಲಿ. ಈ ಹಣ ಮೀನುಗಾರರ ಕೈಗೆ ಮಾರ್ಚ್ ತಿಂಗಳೊಳಗೆ ಸೇರಬೇಕು. ಜೂನ್ ಮಳೆ ಹಿಡಿದ ಮೇಲೆ ಹಲಗೆ ಒಣಗುವುದಿಲ್ಲ.