ಎಂಜಿನ್ ಆಯ್ಕೆಯೂ ಒಂದು ಪಾಠವಾಗಲಿ

ನಮ್ಮ ಪ್ರಶಿಕ್ಷಣಾರ್ಥಿಗಳು ಅಭ್ಯಾಸ ಬೋಧನೆಗೆ ಆರಿಸಿಕೊಳ್ಳುವ ಭೌತವಿಜ್ಞಾನದ ಲೆಕ್ಕಗಳಿಗೆಲ್ಲ ಸಾಮಾನ್ಯವಾಗಿ ಒಂದೇ ಉತ್ತರ. ದತ್ತಾಂಶ ಮೊದಲೇ ಕೊಟ್ಟಿರುತ್ತದೆ, ಸೂತ್ರ ಹಲಗೆಯ ಮೇಲಿರುತ್ತದೆ, ಮಕ್ಕಳು ಬೆಲೆ ತುಂಬುತ್ತಾರೆ. ಪಾಠ ವೀಕ್ಷಣೆಗೆ ಕುಳಿತ ನಾವು ‘ಉದ್ದೇಶ ಈಡೇರಿದೆ’ ಎಂದು ಗುರುತು ಹಾಕುತ್ತೇವೆ. ಇಂತಹ ಲೆಕ್ಕ ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ಯಾವುದನ್ನು ಬಿಟ್ಟು ಯಾವುದನ್ನು ಹಿಡಿಯಬೇಕೆಂದು ವಿದ್ಯಾರ್ಥಿಯೇ ತೀರ್ಮಾನಿಸುವ ಪಾಠ ವರ್ಷಕ್ಕೆ ಒಂದಾದರೂ ಇರಬೇಕು. ಅದಕ್ಕೆ ನಾನು ಸೂಚಿಸುವ ವಸ್ತು, ಕಂಟ್ರೋಲ್ ಲೈನ್ ವಿಮಾನ ಮಾದರಿಗೆ ಎಂಜಿನ್ ಮತ್ತು ಪ್ರೊಪೆಲ್ಲರ್ ಆರಿಸುವ ಕೆಲಸ.

ಎನ್‌ಸಿಸಿ ವಾಯು ವಿಭಾಗದ ಕೆಡೆಟ್‌ಗಳಿಗೆ ಈ ಮಾದರಿ ಹೊಸದಲ್ಲ. ಉಳಿದವರಿಗೆ ಹೀಗೆ ಹೇಳಬಹುದು: ಕಣದ ನಡುವಿನ ಮೇಟಿಯ ಸುತ್ತ ಹಂತಿಯ ಎತ್ತು ತಿರುಗುವಂತೆ, ಮೈದಾನದ ನಡುವೆ ನಿಂತು ಹಾರಿಸುವವರ ಸುತ್ತ ಈ ವಿಮಾನ ತಿರುಗುತ್ತದೆ. ಅವರ ಕೈಯ ಹಿಡಿಕೆಯಿಂದ ಎರಡು ತೆಳುವಾದ ಉಕ್ಕಿನ ತಂತಿಗಳು ವಿಮಾನಕ್ಕೆ ಹೋಗಿರುತ್ತವೆ. ಹಿಡಿಕೆಯನ್ನು ವಾಲಿಸಿದರೆ ಬಾಲದ ಎಲಿವೇಟರ್ ಮೇಲೆ ಕೆಳಗೆ ಆಡುತ್ತದೆ. ಅಮೆರಿಕದ ಜಿಮ್ ವಾಕರ್ 1940ರ ದಶಕದಲ್ಲಿ ಜನಪ್ರಿಯಗೊಳಿಸಿದ ಈ ಪದ್ಧತಿಯಲ್ಲಿ ತಂತಿ ಬಿಗಿಯಾಗಿದ್ದರೆ ಮಾತ್ರ ವಿಮಾನ ಹಿಡಿತದಲ್ಲಿರುತ್ತದೆ.

‘ಇದಕ್ಕೆ ಯಾವ ಎಂಜಿನ್ ಹಾಕೋಣ?’ ಎಂದು ಕೇಳಿದರೆ ‘ಎಲ್ಲಕ್ಕಿಂತ ದೊಡ್ಡದು’ ಎಂಬ ಉತ್ತರ ಬರುವುದು ಸಹಜ. ಪಾಠ ಅಲ್ಲಿಂದ ಹಿಂದಕ್ಕೆ ನಡೆಯಬೇಕು. ಮೊದಲ ಪ್ರಶ್ನೆ ಎಂಜಿನ್‌ನದಲ್ಲ, ಸುತ್ತಿನದು: ಒಂದು ಸುತ್ತಿಗೆ ಎಷ್ಟು ಸೆಕೆಂಡು ಬೇಕು?

ಕಸರತ್ತಿನ ವಿಮಾನವೊಂದನ್ನು ತೆಗೆದುಕೊಳ್ಳೋಣ. ತಂತಿಯ ಉದ್ದ 18 ಮೀಟರ್, ವಿಮಾನದ ದ್ರವ್ಯರಾಶಿ 1.2 ಕಿಲೋಗ್ರಾಂ. ಪರಿಧಿ ಸುಮಾರು 113 ಮೀಟರ್. ಸುತ್ತಿಗೆ 5 ಸೆಕೆಂಡಾದರೆ ವೇಗ ಸೆಕೆಂಡಿಗೆ 22.6 ಮೀಟರ್, ಅಂದರೆ ಗಂಟೆಗೆ ಸುಮಾರು 81 ಕಿಲೋಮೀಟರ್. ಒಂಬತ್ತನೆಯ ತರಗತಿಯ ‘ಚಲನೆ’ ಅಧ್ಯಾಯಕ್ಕೆ ಇಷ್ಟು ಸಾಕು. ಪಿಯುಸಿ ತರಗತಿಯಾದರೆ ಮುಂದೆ ಹೋಗಬಹುದು. ತಂತಿಯ ಎಳೆತ ಸುಮಾರು 34 ನ್ಯೂಟನ್, ಕೈಯಲ್ಲಿ ಮೂರೂವರೆ ಕಿಲೋ ತೂಕ ಹಿಡಿದಷ್ಟು. ಸುತ್ತು 4 ಸೆಕೆಂಡಿಗೆ ಇಳಿದರೆ ಎಳೆತ 53 ನ್ಯೂಟನ್‌ಗೆ ಏರುತ್ತದೆ. ಯೋಚಿಸಿ ಕೈ ಆಡಿಸಲು ಸಮಯವೂ ಕಡಿಮೆಯಾಗುತ್ತದೆ. ಸುತ್ತು ಆರೂವರೆ ಸೆಕೆಂಡಾದರೆ ಎಳೆತ 20 ನ್ಯೂಟನ್ ಮಾತ್ರ. ವಿಮಾನ ನೆತ್ತಿಯ ಮೇಲೆ ಬಂದಾಗ ಅದರ ತೂಕವಾದ 12 ನ್ಯೂಟನ್ ಕಳೆದು, ಉಳಿಯುವುದು 8. ಸ್ವಲ್ಪ ಗಾಳಿ ಬೀಸಿದರೂ ತಂತಿ ಸಡಿಲಾಗುತ್ತದೆ. ಹೀಗೆ ಎರಡು ಕಡೆಯಿಂದಲೂ ಮಿತಿ ಬೀಳುತ್ತದೆ. ‘ದೊಡ್ಡದೇ ಒಳ್ಳೆಯದು’ ಎಂಬ ಮಾತು ಇಲ್ಲಿಗೆ ಬಿದ್ದುಹೋಗುತ್ತದೆ, ಅದೂ ಶಿಕ್ಷಕರು ಬೀಳಿಸದೆ.

ಇನ್ನು ಪ್ರೊಪೆಲ್ಲರ್. ಅದರ ಮೇಲೆ 10-6 ಎಂದು ಬರೆದಿದ್ದರೆ ವ್ಯಾಸ 10 ಅಂಗುಲ, ಪಿಚ್ 6 ಅಂಗುಲ ಎಂದರ್ಥ. ಪಿಚ್ ಎಂದರೆ ಮರದಲ್ಲಿ ಸ್ಕ್ರೂ ಇಳಿಯುವಂತೆ ಒಂದು ತಿರುವಿಗೆ ಅದು ಮುಂದೆ ಸಾಗಬೇಕಾದ ದೂರ, ಇಲ್ಲಿ 15.24 ಸೆಂಟಿಮೀಟರ್. ನಿಮಿಷಕ್ಕೆ 9,000 ಬಾರಿ ತಿರುಗಿದರೆ ಸೆಕೆಂಡಿಗೆ 22.9 ಮೀಟರ್ ಆಗುತ್ತದೆ. ನಮಗೆ ಬೇಕಾದ ವೇಗಕ್ಕೆ ಇದು ತೀರಾ ಹತ್ತಿರ. ಗಾಳಿ ಮರದಷ್ಟು ಗಟ್ಟಿಯಲ್ಲವಾದ್ದರಿಂದ ಇದು ಅಂದಾಜು ಎಂಬ ಮಾತನ್ನೂ ಮಕ್ಕಳಿಗೆ ಹೇಳಲೇಬೇಕು.

ಈಗ 4 ಅಂಗುಲ ಪಿಚ್‌ನ ಪ್ರೊಪೆಲ್ಲರ್ ಕೊಡಿ. ಅದೇ ವೇಗಕ್ಕೆ ನಿಮಿಷಕ್ಕೆ 13,500 ತಿರುವು ಬೇಕು. ಲೆಕ್ಕದ ಪ್ರಕಾರ ಎರಡೂ ಸರಿ. ಹಾಗಾದರೆ ಯಾವುದು? ಇಲ್ಲಿ ಸೂತ್ರ ಸುಮ್ಮನಾಗುತ್ತದೆ, ಚರ್ಚೆ ಶುರುವಾಗುತ್ತದೆ. ಕಸರತ್ತಿನ ವಿಮಾನಕ್ಕೆ ಬೇಕಾದದ್ದು ಹೆಚ್ಚಿನ ವೇಗವಲ್ಲ, ಒಂದೇ ಸಮನಾದ ವೇಗ. ಅದನ್ನು ಪಡೆಯಲು ಎರಡು ದಾರಿಗಳಿವೆ. 1940ರ ದಶಕದ ಕೊನೆಯಲ್ಲಿ ಬಂದ ಫಾಕ್ಸ್ 35 ಎಂಬ ಸುಮಾರು 5.7 ಸಿಸಿ ಎಂಜಿನ್ ಮೊದಲನೆಯ ದಾರಿಗೆ ಉದಾಹರಣೆ. ಸಮತಲ ಹಾರಾಟದಲ್ಲಿ ಅದನ್ನು ಇಂಧನ ಹೆಚ್ಚಾದ ಮಿಶ್ರಣದಲ್ಲಿ ಮಂದವಾಗಿ ಓಡಿಸುತ್ತಾರೆ. ಮೂಗು ಮೇಲೆತ್ತಿದಾಗ ಅದು ತಾನೇ ಚುರುಕಾಗುತ್ತದೆ. ಎರಡನೆಯ ದಾರಿಯಲ್ಲಿ ಕಡಿಮೆ ಪಿಚ್, ಹೆಚ್ಚು ತಿರುವು. ವಿಮಾನ ಕೆಳಮುಖವಾಗಿ ಧುಮುಕುವಾಗ ಇಂತಹ ಪ್ರೊಪೆಲ್ಲರೇ ಬ್ರೇಕ್ ಆಗುತ್ತದೆ. ಮೊದಲನೆಯದು ಸರಳ ಎಂಜಿನ್‌ಗೆ ಒಗ್ಗುತ್ತದೆ, ಎರಡನೆಯದಕ್ಕೆ ಹೆಚ್ಚು ತಿರುವಿನಲ್ಲಿ ಶಕ್ತಿ ಕೊಡುವ ಎಂಜಿನ್ ಬೇಕು. ಎಂಜಿನ್ ಆಯ್ಕೆ ಬರುವುದು ಇಲ್ಲಿ, ಕೊನೆಗೆ.

ವ್ಯಾಸವನ್ನು ಮರೆಯುವಂತಿಲ್ಲ. ಅದೇ ತಿರುವಿನಲ್ಲಿ ಪ್ರೊಪೆಲ್ಲರ್ ನುಂಗುವ ಶಕ್ತಿ ಸ್ಥೂಲವಾಗಿ ಪಿಚ್‌ಗೆ ಅನುಪಾತದಲ್ಲಿಯೂ, ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಪಾತದಲ್ಲಿಯೂ ಇರುತ್ತದೆ. ಪಿಚ್ 6ರಿಂದ 7 ಅಂಗುಲವಾದರೆ ಹೊರೆ ಶೇ. 17ರಷ್ಟು ಏರಿದರೆ, ವ್ಯಾಸ 10ರಿಂದ 11 ಆದಾಗ ಶೇ. 46ರಷ್ಟು ಏರುತ್ತದೆ. ಎರಡೂ ಒಂದೇ ಅಂಗುಲದ ಬದಲಾವಣೆ. ಘಾತಾಂಕದ ಅರ್ಥವನ್ನು ಇದಕ್ಕಿಂತ ಚೆನ್ನಾಗಿ ಮನದಟ್ಟು ಮಾಡುವ ಉದಾಹರಣೆಗಳು ಪಠ್ಯದಲ್ಲಿ ಹೆಚ್ಚಿಲ್ಲ.

ಆಕ್ಷೇಪಗಳು ಬರುತ್ತವೆ, ಬರಬೇಕು. ಪಠ್ಯದಲ್ಲಿಲ್ಲದ ವಸ್ತುವಿಗೆ ಸಮಯ ಎಲ್ಲಿಂದ? ವಸ್ತು ಪಠ್ಯದಲ್ಲಿಲ್ಲ ನಿಜ, ಆದರೆ ಬಳಸಿದ ಪರಿಕಲ್ಪನೆಗಳೆಲ್ಲ ಪಠ್ಯದವೇ. ಸುತ್ತಿನ ವೇಗಕ್ಕೆ ಒಂದು ಅವಧಿ, ಪ್ರೊಪೆಲ್ಲರ್‌ಗೆ ಒಂದು ಅವಧಿ ಸಾಕು. ಉಪಕರಣವೋ? ಮೂರು ಅಳತೆಯ ಪ್ರೊಪೆಲ್ಲರ್‌ಗಳ ವಿವರವಿರುವ ಒಂದು ಪಟ್ಟಿ, ದಾರ ಕಟ್ಟಿದ ಒಂದು ರಬ್ಬರ್ ಬಿರಡೆ, ಸ್ಟಾಪ್‌ವಾಚ್ ಇದ್ದರೆ ಆಯಿತು.

ಅಪಾಯದ ಆಕ್ಷೇಪ ಮಾತ್ರ ಗಂಭೀರವಾದದ್ದು. ತರಗತಿಯಲ್ಲಿ ಎಂಜಿನ್ ಚಾಲೂ ಮಾಡಲೇಬಾರದು. 9,000 ತಿರುವಿನಲ್ಲಿ 10 ಅಂಗುಲದ ಅಲಗಿನ ತುದಿ ಗಂಟೆಗೆ ಸುಮಾರು 430 ಕಿಲೋಮೀಟರ್ ವೇಗದಲ್ಲಿರುತ್ತದೆ. ಇಂಧನದಲ್ಲಿರುವ ಮೆಥನಾಲ್ ವಿಷ. ಹಾರಾಟ ನೋಡಬೇಕಿದ್ದರೆ ಅನುಭವಿ ತರಬೇತುದಾರರ ಜೊತೆ, ವಿದ್ಯುತ್ ತಂತಿಗಳಿಂದ ಬಹುದೂರದ ಬಯಲಿನಲ್ಲಿ ಮಾತ್ರ. ಅಲಗಿನ ತುದಿಯ ವೇಗವನ್ನು ಮಕ್ಕಳಿಂದಲೇ ಲೆಕ್ಕ ಹಾಕಿಸಿದರೆ ಎಚ್ಚರಿಕೆಯ ಮಾತೂ ಪಾಠದೊಳಗೇ ಬಂದಂತಾಗುತ್ತದೆ.

ಮೌಲ್ಯಮಾಪನ ಹೇಗೆ ಎಂಬುದು ನಮ್ಮಂಥ ಮೇಲ್ವಿಚಾರಕರ ಪ್ರಶ್ನೆ. ಒಂದು ಗುಂಪು 6 ಅಂಗುಲದ ಪಿಚ್, ಇನ್ನೊಂದು 4 ಅಂಗುಲದ ಪಿಚ್ ಆರಿಸಿದರೆ ಇಬ್ಬರಿಗೂ ಪೂರ್ಣ ಅಂಕ ಕೊಡಲು ಸಾಧ್ಯವಾಗಬೇಕು. ಅಂಕ ಆಯ್ಕೆಗಲ್ಲ, ಕಾರಣಕ್ಕೆ. ‘ನಾವು ಇದನ್ನು ಆರಿಸಿದೆವು, ಇದಕ್ಕಾಗಿ ಇಂಥದ್ದನ್ನು ಬಿಟ್ಟುಕೊಟ್ಟೆವು’ ಎಂದು ವಿದ್ಯಾರ್ಥಿ ಹೇಳಬಲ್ಲಳೇ ಎಂಬುದೇ ಅಳತೆಗೋಲು. ಸದ್ಯದ ವೀಕ್ಷಣಾ ಹಾಳೆಯಲ್ಲಿ ಇದಕ್ಕೆ ಅಂಕಣವಿಲ್ಲದಿದ್ದರೆ, ಹೊಸ ದಾರಿ ಹಿಡಿದ ಪ್ರಶಿಕ್ಷಣಾರ್ಥಿಗೇ ನಷ್ಟ. ಆದ್ದರಿಂದ ಬದಲಾವಣೆ ಅವರ ಪಾಠಯೋಜನೆಯಿಂದ ಅಲ್ಲ, ನಮ್ಮ ಹಾಳೆಯಿಂದ ಆರಂಭವಾಗಲಿ. ಮುಂದಿನ ಟೀಕಾ ಪಾಠದ ವೇಳೆಗೆ ಒಂದು ಸಾಲು ಸೇರಿಸೋಣ: ‘ಒಂದಕ್ಕಿಂತ ಹೆಚ್ಚು ಸರಿಯುತ್ತರಗಳ ನಡುವೆ ಕಾರಣಸಹಿತ ಆಯ್ಕೆ ಮಾಡಲು ಮಕ್ಕಳಿಗೆ ಅವಕಾಶ ಸಿಕ್ಕಿತೇ?’