ಗೋಡೆಯ ಗಡಿಯಾರ ಅರಿಯದ ಒಂದು ಗಂಟೆ

ಮಾರ್ಚ್ ತಿಂಗಳ ನಡುಭಾಗ ಬಂತೆಂದರೆ ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಕೆಲವು ಮನೆಗಳಲ್ಲಿ ಒಂದು ಬಗೆಯ ಗಲಿಬಿಲಿ ತಲೆದೋರುತ್ತದೆ. ಟೆಕ್ಸಾಸಿನಲ್ಲಿರುವ ಮಗ ಶನಿವಾರ ರಾತ್ರಿ 9 ಗಂಟೆಗೆ ಊಟ ಮುಗಿಸಿ ಫೋನು ಮಾಡಿದರೆ ಇಲ್ಲಿ ಭಾನುವಾರ ಬೆಳಿಗ್ಗೆ 8-30. ಚಳಿಗಾಲವಿಡೀ ಈ ಕ್ರಮ ತಪ್ಪಿರುವುದಿಲ್ಲ. ಒಂದು ಭಾನುವಾರ ಮಾತ್ರ ಆ ಕರೆ 7-30ಕ್ಕೇ ಬಂದುಬಿಡುತ್ತದೆ. ತಾಯಿ ಪೂಜೆಯಲ್ಲಿರುತ್ತಾರೆ, ತಂದೆ ಹಾಲಿಗೆ ಹೋಗಿರುತ್ತಾರೆ. ಫೋನು ಬಡಿದುಕೊಂಡು ಸುಮ್ಮನಾಗುತ್ತದೆ. ಇವರು ಎಂಟೂವರೆಗೆ ತಿರುಗಿ ಕರೆದಾಗ ಅಲ್ಲಿ ಹತ್ತು ಗಂಟೆ ರಾತ್ರಿ, ಮೊಮ್ಮಕ್ಕಳು ನಿದ್ದೆಯಲ್ಲಿರುತ್ತಾರೆ. ವಾರಕ್ಕೊಮ್ಮೆ ಕಾಣುವ ಮುಖಗಳು ಆ ವಾರ ಕಾಣುವುದಿಲ್ಲ. ನವೆಂಬರಿನಲ್ಲಿ ಇದರದೇ ತಿರುವು: 7-30ರ ಕರೆಗೆ ಒಗ್ಗಿಕೊಂಡವರು ಎಂಟೂವರೆಯ ತನಕ ಬಾಗಿಲಿಗೂ ಫೋನಿಗೂ ಓಡಾಡುತ್ತ, ಏನಾಯಿತೋ ಎಂಬ ಆತಂಕದಲ್ಲಿ ಒಂದು ಗಂಟೆಯನ್ನು ಕಳೆಯಬೇಕಾಗುತ್ತದೆ. ವಯಸ್ಸಾದವರಿಗೆ ಆ ಒಂದು ಗಂಟೆ ಸಣ್ಣದಲ್ಲ.

ಇದಕ್ಕೆ ಮಗನ ಅಸಡ್ಡೆಯೂ ಕಾರಣವಲ್ಲ, ತಾಯಿಯ ಮರೆವೂ ಕಾರಣವಲ್ಲ. ಅಮೆರಿಕದ ಬಹುಭಾಗದಲ್ಲಿ ಮಾರ್ಚ್ ತಿಂಗಳ ಎರಡನೆಯ ಭಾನುವಾರ ನಸುಕಿನ 2 ಗಂಟೆಗೆ ಗಡಿಯಾರವನ್ನು 3ಕ್ಕೆ ಸರಿಸುತ್ತಾರೆ. ನವೆಂಬರಿನ ಮೊದಲ ಭಾನುವಾರ 2ರಿಂದ ಮತ್ತೆ 1ಕ್ಕೆ ಹಿಂದೆ ತರುತ್ತಾರೆ. ಬೇಸಿಗೆಯ ನೀಳವಾದ ಬೆಳಕನ್ನು ಸಂಜೆಯ ಕಡೆಗೆ ಉಳಿಸಿಕೊಳ್ಳುವ ಏರ್ಪಾಡಿದು. ಡೇಲೈಟ್ ಸೇವಿಂಗ್ ಎಂದು ಅದರ ಹೆಸರು. ಟೆಕ್ಸಾಸಿನಲ್ಲಿ ಗಡಿಯಾರ ಸರಿಯುವ ಹೊತ್ತಿಗೆ ನಮ್ಮಲ್ಲಿ ಅದೇ ಭಾನುವಾರದ ಮಧ್ಯಾಹ್ನ 1-30. ಆದ್ದರಿಂದ ಆ ದಿನ ಬೆಳಗಿನ ಕರೆ ಸರಿಯಾಗಿಯೇ ಬಂದಿರುತ್ತದೆ, ವ್ಯತ್ಯಾಸ ಕಾಣಿಸುವುದು ಮುಂದಿನ ಭಾನುವಾರ. ಪತ್ರಿಕೆಯಲ್ಲಿ ಸುದ್ದಿ ಓದಿದವರೂ ಅಷ್ಟರಲ್ಲಿ ಅದನ್ನು ಮರೆತಿರುತ್ತಾರೆ.

ಇಂಗ್ಲೆಂಡು ಮತ್ತು ಯೂರೋಪಿನ ಬಹುತೇಕ ದೇಶಗಳು ಮಾರ್ಚ್ ಮತ್ತು ಅಕ್ಟೋಬರ್ ತಿಂಗಳುಗಳ ಕೊನೆಯ ಭಾನುವಾರವನ್ನು ಹಿಡಿದಿವೆ. ಮಗಳು ಲಂಡನ್ನಿನಲ್ಲಿ, ಮಗ ಅಮೆರಿಕದಲ್ಲಿ ಇರುವ ಮನೆಯಲ್ಲಿ ಮೂವರೂ ಒಟ್ಟಿಗೆ ಮಾತನಾಡುವ ಹೊತ್ತು ಮಾರ್ಚ್ ತಿಂಗಳ ಎರಡು ಮೂರು ವಾರ ಪೂರ್ತಿ ಕೆಡುತ್ತದೆ. ಸಿಡ್ನಿ, ಮೆಲ್ಬರ್ನ್‌ಗಳಲ್ಲಿ ನಮ್ಮ ಚಳಿಗಾಲವೇ ಬೇಸಿಗೆಯಾದ್ದರಿಂದ ಅಕ್ಟೋಬರಿನಲ್ಲಿ ಮುಂದಿಟ್ಟು ಏಪ್ರಿಲಿನಲ್ಲಿ ಹಿಂದೆ ತರುತ್ತಾರೆ. ಅಮೆರಿಕದಲ್ಲೇ ಇರುವ ಹವಾಯಿಯೂ ಅರಿಜೋನಾದ ಬಹುಭಾಗವೂ ಈ ಗೊಡವೆಗೆ ಹೋಗಿಲ್ಲ. ದುಬೈ, ಸಿಂಗಪುರಗಳಲ್ಲಿ ಮಕ್ಕಳಿರುವವರು ಈ ಮಟ್ಟಿಗೆ ನಿಶ್ಚಿಂತರು. ವಿದೇಶದಲ್ಲಿ ಯಾರೂ ಇಲ್ಲದ ಮನೆಗಳಿಗೂ ಇದರ ಬಿಸಿ ತಟ್ಟುವುದುಂಟು. ಬೆಂಗಳೂರಿನಲ್ಲಿ ಅಮೆರಿಕದ ಕಂಪನಿಗಳಿಗಾಗಿ ರಾತ್ರಿ ಕೆಲಸ ಮಾಡುವ ಮಸ್ಕಿಯ ಹುಡುಗನ ಊಟ, ನಿದ್ದೆ, ಊರಿಗೆ ಮಾಡುವ ಫೋನು ಎಲ್ಲವೂ ವರ್ಷಕ್ಕೆರಡು ಸಲ ಒಂದು ಗಂಟೆ ಅತ್ತಿತ್ತ ಸರಿಯುತ್ತವೆ.

ನಮ್ಮ ಸೀಮೆಯವರಿಗೆ ಇದು ವಿಚಿತ್ರವೆನಿಸಿದರೆ ಆಶ್ಚರ್ಯವಿಲ್ಲ. ಭೂಮಧ್ಯರೇಖೆಯಿಂದ ಸುಮಾರು 16 ಡಿಗ್ರಿ ಉತ್ತರಕ್ಕಿರುವ ನಮಗೆ ಜೂನ್ ತಿಂಗಳ ದೀರ್ಘವಾದ ಹಗಲು ಸುಮಾರು 13 ಗಂಟೆಯದು, ಡಿಸೆಂಬರಿನ ಕಿರುಹಗಲು 11 ಗಂಟೆಗಿಂತ ತುಸು ಹೆಚ್ಚಿನದು. ಲಂಡನ್ನಿನಲ್ಲಿ ಬೇಸಿಗೆಯ ಹಗಲು ಹದಿನಾರೂವರೆ ಗಂಟೆ, ಚಳಿಗಾಲದ್ದು ಎಂಟಕ್ಕೂ ಕಡಿಮೆ. ಅಲ್ಲಿ ಬೆಳಕನ್ನು ಕೂಡಿಡುವ ಆಸೆ ಸಹಜವೆನ್ನಬಹುದು. ಎಡದಂಡೆ ನಾಲೆಯ ಬದುವಿನ ಮೇಲೆ ನಿಂತವನಿಗೆ ಏಪ್ರಿಲಿನ ಬಿಸಿಲು ಇನ್ನೊಂದು ಗಂಟೆ ಬೇಕೆನಿಸುವುದಿಲ್ಲ. ಮಾರುದ್ದ ಹೊತ್ತು ಏರಿತು, ದೀಪ ಹಚ್ಚುವ ಹೊತ್ತಾಯಿತು ಎಂದು ಆಕಾಶವನ್ನು ನೋಡಿ ಹೇಳುತ್ತಿದ್ದ ನಮ್ಮ ಹಿರಿಯರಿಗೆ ಗಡಿಯಾರವೇ ಹೊಸದು.

ಹಾಗೆಂದು ನಮ್ಮ ಗಡಿಯಾರವೇನೂ ಸೂರ್ಯನೊಡನೆ ನಡೆಯುತ್ತಿಲ್ಲ. ಭಾರತದ ಪ್ರಮಾಣ ಸಮಯ ನಿಂತಿರುವುದು 82½ ಡಿಗ್ರಿ ಪೂರ್ವ ರೇಖಾಂಶದ ಮೇಲೆ. ಸಿಂಧನೂರು ಅದರ ಪಶ್ಚಿಮಕ್ಕಿದೆ. ಒಂದು ಡಿಗ್ರಿಗೆ 4 ನಿಮಿಷದಂತೆ ಲೆಕ್ಕ ಹಾಕಿದರೆ ನಮ್ಮ ಕೈಗಡಿಯಾರ ಊರಿನ ನಿಜವಾದ ಹೊತ್ತಿಗಿಂತ ಸರಾಸರಿ 23 ನಿಮಿಷ ಮುಂದಿದೆ. ಲಿಂಗಸುಗೂರಿನಲ್ಲಿ ಇನ್ನೊಂದು ನಿಮಿಷ ಹೆಚ್ಚು. ರಾಯಚೂರಿನಲ್ಲಿ ಮುಂಬಯಿ ಕಡೆಯ ರೈಲು ಮಾರ್ಗವೂ ಮದ್ರಾಸ್ ಕಡೆಯ ಮಾರ್ಗವೂ ಬಂದು ಕೂಡಿಕೊಂಡದ್ದು 1871ರಲ್ಲಿ. ಆಗ ಆ ಎರಡು ಪಟ್ಟಣಗಳ ಗಡಿಯಾರಗಳ ನಡುವೆಯೇ ಅರ್ಧ ಗಂಟೆಯ ಅಂತರವಿತ್ತು. ದೇಶಕ್ಕೆಲ್ಲ ಒಂದೇ ಸಮಯವೆಂಬ ನಿಯಮ ಬಂದದ್ದು 1906ರ ಜನವರಿ 1ರಂದು. ಮುಂಬಯಿ ಪಟ್ಟು ಹಿಡಿದು 1955ರವರೆಗೂ ತನ್ನ ಸಮಯವನ್ನು ಬಿಡಲಿಲ್ಲ.

ಈಗ ಯಂತ್ರಗಳ ಮಾತಿಗೆ ಬರೋಣ. ಕೈಯಲ್ಲಿರುವ ಮೊಬೈಲು ಈ ಬದಲಾವಣೆಯನ್ನು ತಾನಾಗಿ ಅರಿಯುತ್ತದೆ, ಗೋಡೆಯ ಗಡಿಯಾರ ಅರಿಯುವುದಿಲ್ಲ, ಏಕೆ? ಮೊಬೈಲಿನ ಒಳಗೆ ಓಡುತ್ತಿರುವುದು ಜಗತ್ತಿಗೆಲ್ಲ ಸಾಮಾನ್ಯವಾದ ಒಂದೇ ಕಾಲ. ಅದರ ಜೊತೆಗೆ ಯಾವ ಊರಿನಲ್ಲಿ ಯಾವ ದಿನ ಎಷ್ಟು ಕೂಡಿಸಬೇಕು, ಎಷ್ಟು ಕಳೆಯಬೇಕು ಎಂಬ ದೊಡ್ಡದೊಂದು ಪಟ್ಟಿ ಇರುತ್ತದೆ. ಆರ್ಥರ್ ಡೇವಿಡ್ ಓಲ್ಸನ್ ಎಂಬವರು 1980ರ ದಶಕದಲ್ಲಿ ಆರಂಭಿಸಿದ ಈ ಪಟ್ಟಿಯನ್ನು ಸ್ವಯಂಸೇವಕರು ಇಂದಿಗೂ ತಿದ್ದುತ್ತ ಬಂದಿದ್ದಾರೆ. ಅದರಲ್ಲಿ ಪ್ರದೇಶಗಳನ್ನು ಗುರುತಿಸುವುದು ಊರಿನ ಹೆಸರಿನಿಂದ. ಭಾರತಕ್ಕೆಲ್ಲ ಅಲ್ಲಿ ಒಂದೇ ಹೆಸರು, ಕೋಲ್ಕತಾ. ಸಿಂಧನೂರಿನ ಮೊಬೈಲು ಕೂಡ ಹೊತ್ತಿನ ಮಟ್ಟಿಗೆ ತನ್ನನ್ನು ಕೋಲ್ಕತಾದ ನಿವಾಸಿಯೆಂದೇ ಬಗೆಯುತ್ತದೆ!

ಗೋಡೆಯ ಗಡಿಯಾರಕ್ಕಾದರೋ ಊರು ಕೇರಿ ಯಾವುದೂ ಗೊತ್ತಿಲ್ಲ. ಹಲವರ ಪಡಸಾಲೆಯಲ್ಲಿ ನಮ್ಮ ಸಮಯದ ಗಡಿಯಾರದ ಪಕ್ಕದಲ್ಲೇ ‘ಅಮೆರಿಕ’ ಎಂದು ಚೀಟಿ ಅಂಟಿಸಿದ ಇನ್ನೊಂದು ಗಡಿಯಾರವಿರುವುದನ್ನು ನಾವು ಕಂಡಿದ್ದೇವೆ. ಪ್ರೀತಿಯಿಂದ ಇಟ್ಟದ್ದೇ ಸರಿ. ಆದರೆ ಅದನ್ನು ಯಾರೂ ತಿರುಗಿಸದೆ ಬಿಟ್ಟರೆ ವರ್ಷದಲ್ಲಿ ಸುಮಾರು ಎಂಟು ತಿಂಗಳು ಅದು ತಪ್ಪು ಹೊತ್ತನ್ನೇ ತೋರಿಸುತ್ತದೆ. ‘ಹನ್ನೊಂದೂವರೆ ಗಂಟೆ ಕಳೆ’ ಎಂದು ಬಾಯಿಪಾಠ ಮಾಡಿಕೊಂಡವರ ಗತಿಯೂ ಅದೇ.

‘ತಾನಾಗಿ ಸರಿಹೋಗುತ್ತದೆ’ ಎಂಬ ಭರವಸೆಯೊಡನೆ ಮಕ್ಕಳು ಅಲ್ಲಿಂದ ತಂದುಕೊಡುವ ಗಡಿಯಾರಗಳದು ಬೇರೆಯೇ ಕಥೆ. ಕೆಲವು ಅಮೆರಿಕದ ಕೊಲರಾಡೋದಲ್ಲಿರುವ ರೇಡಿಯೋ ಕೇಂದ್ರವೊಂದರ ಸಂಕೇತವನ್ನು ರಾತ್ರಿ ಹೊತ್ತು ಆಲಿಸಿ ತಮ್ಮನ್ನು ತಿದ್ದಿಕೊಳ್ಳುವಂಥವು. ಬೇಸಿಗೆಯ ಗಂಟೆ ಬಂತೆಂಬ ಸುದ್ದಿಯೂ ಅದೇ ಸಂಕೇತದಲ್ಲಿರುತ್ತದೆ. ಆ ಸಂಕೇತ ಲಿಂಗಸುಗೂರಿನವರೆಗೆ ಬರುವುದಿಲ್ಲವಾದ್ದರಿಂದ ಇಲ್ಲಿ ಅವು ಸಾಮಾನ್ಯ ಗಡಿಯಾರಗಳೇ. ಇನ್ನು ಕೆಲವಕ್ಕೆ ಕಾರ್ಖಾನೆಯಲ್ಲೇ ದಿನಾಂಕಗಳನ್ನು ತುಂಬಿ ಕಳುಹಿಸಿರುತ್ತಾರೆ. 2007ರಲ್ಲಿ ಅಮೆರಿಕ ತನ್ನ ದಿನಗಳನ್ನು ಬದಲಿಸಿತು. ಅಲ್ಲಿಯ ತನಕ ಏಪ್ರಿಲಿನ ಮೊದಲ ಭಾನುವಾರ ಮತ್ತು ಅಕ್ಟೋಬರಿನ ಕೊನೆಯ ಭಾನುವಾರ ಇದ್ದವು. ಅದಕ್ಕೆ ಮೊದಲು ತಯಾರಾದ ಇಂಥ ಗಡಿಯಾರಗಳು ಹಳೆಯ ದಿನವನ್ನೇ ನಂಬಿಕೊಂಡು, ಮಾರ್ಚಿನಲ್ಲಿ ಕೆಲವು ವಾರ ಹಿಂದೆ ಉಳಿದು ಏಪ್ರಿಲಿನಲ್ಲಿ ಎಚ್ಚರಗೊಳ್ಳುತ್ತವೆ. ಅದನ್ನು ಭಾರತದ ಸಮಯಕ್ಕೆ ಇಟ್ಟುಕೊಂಡ ಮನೆಯಲ್ಲಿ ಯಾರೂ ಕೇಳದಿದ್ದರೂ ಒಂದು ಬೆಳಿಗ್ಗೆ ಅದು ಒಂದು ಗಂಟೆ ಮುಂದಕ್ಕೆ ಹಾರಿರಲೂಬಹುದು.

ಬುದ್ಧಿವಂತ ಮೊಬೈಲು ಸಹ ಎಡವಿದ್ದುಂಟು. 2010ರ ಶರತ್ಕಾಲದಲ್ಲಿ ಯೂರೋಪಿನ ಅನೇಕ ಐಫೋನುಗಳು ಗಂಟೆಯನ್ನು ಸರಿಯಾಗಿ ಬದಲಿಸಿಕೊಂಡವು, ಆದರೆ ದಿನನಿತ್ಯ ಎಬ್ಬಿಸುವ ಅಲಾರಂ ಮಾತ್ರ ಒಂದು ಗಂಟೆ ತಡವಾಗಿ ಬಾರಿಸಿತು. 2023ರ ಮಾರ್ಚಿನಲ್ಲಿ ಲೆಬನಾನಿನ ಸರ್ಕಾರ ಬೇಸಿಗೆ ಸಮಯವನ್ನು ಮುಂದೂಡುತ್ತೇವೆಂದು ಕೊನೆಯ ಗಳಿಗೆಯಲ್ಲಿ ಸಾರಿತು. ಪಟ್ಟಿಯಂತೆ ನಡೆದ ಫೋನುಗಳಲ್ಲಿ ಒಂದು ಹೊತ್ತು, ಸರ್ಕಾರದ ಆಜ್ಞೆಯಲ್ಲಿ ಇನ್ನೊಂದು ಹೊತ್ತಾಗಿ ಒಂದೇ ದೇಶ ಕೆಲವು ದಿನ ಎರಡು ಗಡಿಯಾರಗಳಲ್ಲಿ ಬದುಕಿತು. ಆಳುವವರು ಹೇಳದೆ ಬದಲಿಸಿದರೆ ಯಂತ್ರ ತಾನೇ ಏನು ಮಾಡೀತು?

ಮಕ್ಕಳ ಮನೆಗೆ ಆರು ತಿಂಗಳು ಹೋಗಿ ಇರುವ ತಂದೆತಾಯಿಗಳಿಗೆ ಈ ಸಂಗತಿ ಇನ್ನೂ ಹತ್ತಿರದ್ದು. ಅಲ್ಲಿ ಭಾನುವಾರ ಎದ್ದರೆ ಮೊಬೈಲಿನಲ್ಲಿ ಒಂದು ಹೊತ್ತು, ಅಡುಗೆಯ ಒಲೆಯ ಮೇಲೆ ಮಿನುಗುವ ಅಂಕಿಗಳಲ್ಲಿ ಇನ್ನೊಂದು ಹೊತ್ತು. ಒಲೆ, ಮೈಕ್ರೋವೇವ್, ಹಳೆಯ ಕಾರು ಇವನ್ನು ಸಾಮಾನ್ಯವಾಗಿ ಕೈಯಿಂದಲೇ ತಿದ್ದಬೇಕು. ಮನೆಯ ಯಜಮಾನರಿಗೆ ಅದು ಗೊತ್ತು, ‘ನಾಳೆ ಮಾಡಿದರಾಯಿತು’ ಎಂದು ಬಿಟ್ಟಿರುತ್ತಾರೆ. ಹಗಲೆಲ್ಲ ಅಡುಗೆಮನೆಯಲ್ಲಿರುವ ಅಜ್ಜಿ ನೋಡುವುದು ಒಲೆಯ ಗಡಿಯಾರವನ್ನೇ. ಸೋಮವಾರ ಮೂರೂವರೆಗೆ ಶಾಲೆಯ ಬಸ್ಸಿನಿಂದ ಇಳಿಯುವ ಮೊಮ್ಮಗುವನ್ನು ಕರೆತರಲು ಆ ಗಡಿಯಾರ ನಂಬಿ ಹೊರಟರೆ, ಬಸ್ಸು ಬಂದು ಒಂದು ಗಂಟೆಯಾಗಿರುತ್ತದೆ. ಸಕ್ಕರೆ ಕಾಯಿಲೆಯ ರಕ್ತ ಪರೀಕ್ಷೆಯ ಸಲಕರಣೆಗಳು, ಇನ್ಸುಲಿನ್ ಪಂಪುಗಳಲ್ಲೂ ಎಷ್ಟೋ ತಾವಾಗಿ ಬದಲಾಗುವುದಿಲ್ಲ. ಪಂಪು ಬಳಸುವವರು ಈ ಒಂದು ಗಂಟೆಯ ಬಗ್ಗೆ ವೈದ್ಯರನ್ನು ಮೊದಲೇ ಕೇಳಿಟ್ಟುಕೊಳ್ಳುವುದು ಕ್ಷೇಮ. ಅಲ್ಲಿಂದ ತಂದ ರಕ್ತದೊತ್ತಡದ ಯಂತ್ರದ ಗಡಿಯಾರವನ್ನು ಇಲ್ಲಿಗೆ ಬಂದ ಮೇಲೂ ತಿದ್ದದಿದ್ದರೆ, ಅದರ ನೆನಪಿನಲ್ಲಿರುವ ಬೆಳಗಿನ ಅಂಕಿಗಳೆಲ್ಲ ಸಂಜೆಯವೆಂದು ವೈದ್ಯರ ಕಣ್ಣಿಗೆ ಬೀಳುತ್ತವೆ. ಇದನ್ನು ಎಷ್ಟು ಜನ ನೋಡಿಕೊಂಡಿದ್ದಾರೋ ನಮಗೆ ಸಂದೇಹ.

ಗಡಿಯಾರವನ್ನು ಒಂದು ಗಂಟೆ ಮುಂದಿಡುವುದು ಪರದೇಶದವರ ಖಯಾಲಿ ಎಂದು ನಗುವವರೂ ಇದ್ದಾರೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರ ಸೆಪ್ಟೆಂಬರ್ 1ರಿಂದ 1945ರ ಅಕ್ಟೋಬರ್ 15ರ ವರೆಗೆ, ಭಾರತದ ಪ್ರಮಾಣ ಸಮಯವನ್ನೇ ಒಂದು ಗಂಟೆ ಮುಂದಿಡಲಾಗಿತ್ತು. ಆ ಮೂರು ವರ್ಷಗಳಲ್ಲಿ ಹುಟ್ಟಿದವರು ಇಂದು ಎಂಬತ್ತರ ಆಚೆಗಿದ್ದಾರೆ. ಅವರ ಜನನದ ಹೊತ್ತನ್ನು ಹಳೆಯ ಡೈರಿಯಲ್ಲಿ ಯಾರಾದರೂ ಬರೆದಿಟ್ಟಿದ್ದರೆ ಅದು ಯುದ್ಧದ ಸಮಯವೋ ಮೊದಲಿನ ಸಮಯವೋ ಎಂದು ಕೇಳಲೇಬೇಕಾಗುತ್ತದೆ. ಜಾತಕ ಬರೆಯುವ ಕಂಪ್ಯೂಟರ್ ತಂತ್ರಾಂಶ ಆ ಒಂದು ಗಂಟೆಯನ್ನು ಕಳೆಯದೆ ಹೋದರೆ ಲಗ್ನವೇ ಬದಲಾಗಿಬಿಡಬಹುದು, ಏಕೆಂದರೆ ಒಂದು ರಾಶಿ ಉದಯಿಸಿ ಮುಗಿಯಲು ಹಿಡಿಯುವುದು ಸರಾಸರಿ ಎರಡು ಗಂಟೆ. ಜಾತಕಕ್ಕೆ ನಾವೆಷ್ಟು ಬೆಲೆ ಕೊಡಬೇಕೆಂಬುದು ಬೇರೆ ಚರ್ಚೆ. ಶರಣರ ಮಾರ್ಗದವರಿಗೆ ಅದನ್ನು ವಿವರಿಸುವ ಅಗತ್ಯವಿಲ್ಲ. ಓಲ್ಸನ್ನರ ಪಟ್ಟಿಯಲ್ಲಿ ಮಾತ್ರ ಕೋಲ್ಕತಾದ ಹೆಸರಿನ ಕೆಳಗೆ ಆ ಯುದ್ಧಕಾಲದ ಗಂಟೆ ಇಂದಿಗೂ ದಾಖಲಾಗಿದೆ. ನಮ್ಮ ಜೇಬಿನ ಮೊಬೈಲಿಗೆ ಗೊತ್ತಿರುವ ಸಂಗತಿ ನಮ್ಮಲ್ಲಿ ಬಹಳ ಮಂದಿಗೆ ಗೊತ್ತಿಲ್ಲ.

ಮನೆಯಲ್ಲಿ ಮಾಡಬಹುದಾದದ್ದೇನು? ಕಳೆಯುವ ಕೂಡುವ ಲೆಕ್ಕವನ್ನು ಬಿಟ್ಟು ಊರಿನ ಹೆಸರನ್ನು ಹಿಡಿಯುವುದೇ ಮೇಲೆಂದು ನಮ್ಮ ಅಭಿಪ್ರಾಯ. ಮೊಬೈಲಿನ ಗಡಿಯಾರದಲ್ಲಿ ಜಗತ್ತಿನ ಗಡಿಯಾರ ಎಂಬ ಭಾಗವಿರುತ್ತದೆ. ಅಲ್ಲಿ ಮಗ ಇರುವ ಊರನ್ನೋ ಅದರ ಸಮೀಪದ ದೊಡ್ಡ ಪಟ್ಟಣವನ್ನೋ ಒಮ್ಮೆ ಸೇರಿಸಿದರೆ ಸಾಕು, ಮಾರ್ಚಾಗಲಿ ನವೆಂಬರಾಗಲಿ ಅದು ಸರಿಯಾಗಿಯೇ ತೋರಿಸುತ್ತದೆ. ಅಮೆರಿಕ ಎಂದಷ್ಟೇ ತಿಳಿದಿದ್ದರೆ ಪ್ರಯೋಜನವಿಲ್ಲ, ನ್ಯೂಯಾರ್ಕಿಗೂ ಕ್ಯಾಲಿಫೋರ್ನಿಯಕ್ಕೂ ಮೂರು ಗಂಟೆ ಅಂತರ.

ವಾರದ ಕರೆ ಯಾರ ಗಡಿಯಾರದಂತೆ ನಡೆಯಬೇಕೆಂಬುದನ್ನು ಮಾತನಾಡಿ ಗೊತ್ತುಮಾಡಿಕೊಳ್ಳಬೇಕು. ಮಗ ತನ್ನ ಫೋನಿನ ಕ್ಯಾಲೆಂಡರಿನಲ್ಲಿ ಅಲ್ಲಿನ ರಾತ್ರಿ 9 ಗಂಟೆಯೆಂದು ಗುರುತು ಹಾಕಿದರೆ ಬೇಸಿಗೆಯಲ್ಲಿ ಸಿಂಧನೂರಿನವರು ಒಂದು ಗಂಟೆ ಮೊದಲೇ ಕಾದಿರಬೇಕಾಗುತ್ತದೆ. ಇಲ್ಲಿನ ಬೆಳಗಿನ 8-30 ಎಂದು ಹಾಕಿದರೆ ತಂದೆತಾಯಿಗಳ ಪೂಜೆ, ಉಪಾಹಾರಗಳು ಕದಲುವುದಿಲ್ಲ, ಒಂದು ಗಂಟೆ ಸರಿಯುವ ಭಾರ ಅಲ್ಲಿನವರ ಮೇಲೆ ಬೀಳುತ್ತದೆ. ಚಿಕ್ಕ ಮಕ್ಕಳಿರುವ ಮನೆಗೆ ರಾತ್ರಿ ಹತ್ತು ಗಂಟೆ ಕಷ್ಟವೇ. ಅಂಥವರು ಅಲ್ಲಿನ ಗಡಿಯಾರವನ್ನೇ ಉಳಿಸಿಕೊಂಡು, ಮಾರ್ಚ್ ಎರಡನೆಯ ಭಾನುವಾರ ಬೆಳಗಿನ ಕರೆಯಲ್ಲಿ ‘ಅಪ್ಪಾ, ಮುಂದಿನ ವಾರದಿಂದ ಏಳೂವರೆಗೆ’ ಎಂದು ಒಂದು ಮಾತು ಹೇಳಬೇಕು. ಪಡಸಾಲೆಯ ಅಮೆರಿಕದ ಗಡಿಯಾರವನ್ನು ಆ ದಿನ ಮಧ್ಯಾಹ್ನ ಊಟವಾದ ಮೇಲೆ ತಿರುಗಿಸಬಹುದು. ಅಲ್ಲಿರುವ ಮಕ್ಕಳು ಶನಿವಾರ ಮಲಗುವ ಮುನ್ನ ಒಲೆಯ ಗಡಿಯಾರವನ್ನು ತಿದ್ದಲಿ. ಮನೆಯಲ್ಲಿ ತಾಯಿ ಇದ್ದರೆ ಅವರು ಏಳುವುದು ಎಲ್ಲರಿಗಿಂತ ಮೊದಲು.