ಆ ಪ್ರೇಮಕಥೆಯ ಹಿಂದಿನ ಸಾಲದ ಕಥೆ

ಕೊರಿಯನ್ ಸೀರೀಸ್ ಅಂದರೆ ಮಳೆ, ಒಂದೇ ಕೊಡೆ, ಸ್ಲೋ ಮೋಷನ್ ನೋಟ ಎಂದು ಮೂಗು ಮುರಿಯುವವರು ನಮ್ಮ ಹಾಸ್ಟೆಲಿನಲ್ಲಿ ಇನ್ನೂ ಇದ್ದಾರೆ. ಅಂಥವರಿಗೆ ‘ಟ್ವೆಂಟಿ ಫೈವ್ ಟ್ವೆಂಟಿ ಒನ್’ ಸೀರೀಸಿನ ಮೊದಲ ಕಂತು ತೋರಿಸಿದರೆ ಸಾಕು. ಅದರಲ್ಲಿ ಎಲ್ಲಕ್ಕಿಂತ ಮೊದಲು ಮುರಿಯುವುದು ಯಾರ ಹೃದಯವೂ ಅಲ್ಲ, ಶಾಲೆಯೊಂದರ ಕ್ರೀಡಾ ತಂಡ. 2022ರಲ್ಲಿ ಟಿವಿಎನ್ ಚಾನೆಲ್‌ನಲ್ಲಿ ಪ್ರಸಾರವಾಗಿ, ನೆಟ್‌ಫ್ಲಿಕ್ಸ್ ಮೂಲಕ ನಮ್ಮ ಮೊಬೈಲಿಗೂ ಬಂದ 16 ಕಂತುಗಳ ಕಥೆ ಇದು. ಇನ್ನೂ ನೋಡದವರಿಗೆ ಮೊದಲೇ ಹೇಳಿಬಿಡುತ್ತೇನೆ, ಮುಂದೆ ಕ್ಲೈಮ್ಯಾಕ್ಸ್ ಕೂಡ ಬರುತ್ತದೆ.

1998ರ ಸೋಲ್ ನಗರ. ಹೈಸ್ಕೂಲ್ ಹುಡುಗಿ ನಾ ಹೀದೊಗೆ ಕತ್ತಿವರಸೆಯೇ ಜೀವ. ನಮ್ಮ ಭವಾನಿ ದೇವಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಆಡಿದ ಅದೇ ಸೇಬರ್ ವಿಭಾಗ. ಒಂದು ದಿನ ಶಾಲೆ ತಂಡವನ್ನೇ ವಿಸರ್ಜಿಸುತ್ತದೆ. ಕಾರಣ, ಐಎಂಎಫ್. ಹುಡುಗಿ ಸಿಟ್ಟಿನಿಂದ ಪ್ರಶ್ನಿಸಿದಾಗ ಸಿಗುವ ಉತ್ತರದ ಸಾರ ಇಷ್ಟೇ: ನಿನ್ನ ಕನಸು ಕಿತ್ತುಕೊಂಡದ್ದು ನಾನಲ್ಲ, ಈ ಕಾಲ.

ಹೈಸ್ಕೂಲಿನ ಆಟಕ್ಕೂ ಐಎಂಎಫ್‌ಗೂ ಏನು ಸಂಬಂಧ? 1997ರಲ್ಲಿ ಥಾಯ್ಲೆಂಡಿನಲ್ಲಿ ಶುರುವಾದ ಕರೆನ್ಸಿ ಕುಸಿತ ವರ್ಷ ಮುಗಿಯುವುದರೊಳಗೆ ಕೊರಿಯಾಕ್ಕೂ ಬಂತು. ಅಲ್ಲಿನ ದೊಡ್ಡ ಉದ್ಯಮ ಸಮೂಹಗಳು ಬೆಳೆದಿದ್ದೇ ಸಾಲದ ಮೇಲೆ. ಬ್ಯಾಂಕುಗಳು ವಿದೇಶದಿಂದ ಅಲ್ಪಾವಧಿ ಸಾಲ ತಂದು ಇಲ್ಲಿ ದೀರ್ಘಾವಧಿಗೆ ಹಂಚಿದ್ದವು. ವಿದೇಶಿ ಸಾಲಗಾರರು ಒಟ್ಟಿಗೇ ಹಣ ವಾಪಸ್ ಕೇಳಿದಾಗ ಡಾಲರ್ ಖಾಲಿ. ವರ್ಷದ ಆರಂಭದಲ್ಲಿ ಡಾಲರಿಗೆ 900ರ ಒಳಗಿದ್ದ ವಾನ್ ಡಿಸೆಂಬರ್‌ನಲ್ಲಿ 2000ದ ಹತ್ತಿರಕ್ಕೆ ಬಿತ್ತು. ಐಎಂಎಫ್ ಸಾಲ ಬಂದದ್ದು ಷರತ್ತುಗಳ ಜೊತೆ: ಬಡ್ಡಿ ಏರಲಿ, ಖರ್ಚು ಇಳಿಯಲಿ, ನೌಕರರನ್ನು ತೆಗೆಯುವುದು ಸುಲಭವಾಗಲಿ. 1997ರಲ್ಲಿ ಶೇ 3ಕ್ಕಿಂತ ಕಡಿಮೆ ಇದ್ದ ನಿರುದ್ಯೋಗ ಮರುವರ್ಷ ಶೇ 7ಕ್ಕೆ ಏರಿತು. ಜನ ಮದುವೆಯ ಉಂಗುರ, ಮಗುವಿನ ಮೊದಲ ಹುಟ್ಟುಹಬ್ಬದ ಉಂಗುರ ಹಿಡಿದು ಕ್ಯೂ ನಿಂತರು. ಸುಮಾರು 35 ಲಕ್ಷ ಜನರಿಂದ 227 ಟನ್‌ನಷ್ಟು ಚಿನ್ನ ಸಂಗ್ರಹವಾಯಿತು. 1991ರಲ್ಲಿ ನಮ್ಮ ದೇಶವೂ 47 ಟನ್‌ನಷ್ಟು ಚಿನ್ನವನ್ನು ಬ್ಯಾಂಕ್ ಆಫ್ ಇಂಗ್ಲೆಂಡ್‌ನಲ್ಲಿ ಅಡ ಇಟ್ಟಿತ್ತಲ್ಲ, ಅದು ಸರ್ಕಾರದ ಕಪಾಟಿನದು. ಇದು ಬೆರಳಿನಿಂದ ಕಳಚಿದ್ದು.

ಸೀರೀಸಿನಲ್ಲಿ ಈ ಅಂಕಿಗಳು ಬರುವುದಿಲ್ಲ, ಬರುವುದು ಮನುಷ್ಯರು. ಬೇಕ್ ಯಿಜಿನ್‌ನ ಅಪ್ಪನ ಕಂಪನಿ ದಿವಾಳಿಯಾಗಿ ಕುಟುಂಬ ಚದುರಿಹೋಗಿದೆ. ಕಾರಿನಲ್ಲಿ ಓಡಾಡುತ್ತಿದ್ದ ಹುಡುಗ ಈಗ ಪೇಪರ್ ಹಾಕುತ್ತಾನೆ, ಕಾಮಿಕ್ಸ್ ಬಾಡಿಗೆ ಅಂಗಡಿಯಲ್ಲಿ ಕೂರುತ್ತಾನೆ. ಅಪ್ಪನಿಂದ ಮೋಸಹೋದ ಸಾಲಗಾರರು ಹುಡುಕಿಕೊಂಡು ಬಂದಾಗ ಕೊಡಲು ಅವನ ಬಳಿ ಹಣವಿಲ್ಲ. ಬದಲಿಗೆ, ತಾನು ಎಂದೂ ಸಂತೋಷವಾಗಿರುವುದಿಲ್ಲ ಎಂದು ಮಾತು ಕೊಡುತ್ತಾನೆ. ನನ್ನ ಗಂಟಲು ಕಟ್ಟಿದ್ದು ಅಲ್ಲಿ, ಕೊನೆಯ ಕಂತಿನಲ್ಲಲ್ಲ. ಎಜುಕೇಷನ್ ಲೋನ್ ಮೇಲೆ ಓದುತ್ತಿರುವ ಯಾರಿಗಾದರೂ ಈ ಲೆಕ್ಕ ಗೊತ್ತಿರುತ್ತದೆ. ಸ್ನೇಹಿತರ ಜೊತೆ ಟ್ರಿಪ್‌ಗೆ ಹೋದರೂ ಮನೆಗೆ ಫೋಟೊ ಕಳಿಸಲು ಹಿಂಜರಿಯುತ್ತೇವೆ. ಹೀದೊ ಅವನಿಗೆ ಕೊಡುವ ಪರಿಹಾರ ಬಾಲಿಶ ಅನ್ನಿಸಬಹುದು: ನಾವಿಬ್ಬರೇ ಇದ್ದಾಗ ಗುಟ್ಟಾಗಿ ಸಂತೋಷವಾಗಿರೋಣ.

ಅವಳ ಪ್ರತಿಸ್ಪರ್ಧಿ, ಆಮೇಲೆ ಗೆಳತಿಯಾಗುವ ಕೋ ಯುರಿಮ್‌ದು ಇನ್ನೂ ಕಹಿ. ಚಿನ್ನದ ಪದಕ ಗೆದ್ದವಳು. ಅಪ್ಪ ಮಾಡಿದ ಅಪಘಾತದ ಪರಿಹಾರ ಕಟ್ಟಲು ಹಣ ಬೇಕಾಗಿ ರಷ್ಯಾದ ಪೌರತ್ವ ಪಡೆದು ಆ ದೇಶದ ಪರ ಆಡಲು ಹೋಗುತ್ತಾಳೆ. ದೇಶವಿಡೀ ದ್ರೋಹಿ ಎನ್ನುತ್ತದೆ. ಆ ಸುದ್ದಿ ಮಾಡಿದವನು ಅಷ್ಟರಲ್ಲಿ ವರದಿಗಾರನಾಗಿದ್ದ ಯಿಜಿನ್!

ಇಲ್ಲಿಂದ ನೇರವಾಗಿ ಕ್ಲೈಮ್ಯಾಕ್ಸ್‌ಗೆ ಬರಬಹುದು. ಹೀದೊ ಮತ್ತು ಯಿಜಿನ್ ಒಂದಾಗುವುದಿಲ್ಲ. ಇಷ್ಟು ಪ್ರೀತಿಸಿದವರನ್ನು ಬೇರೆ ಮಾಡಿದ್ದು ಅನ್ಯಾಯ ಎಂದು ಬೈದವರು ಬಹಳ. ನನಗೆ ಹಾಗನ್ನಿಸಲಿಲ್ಲ. ಯಿಜಿನ್‌ನನ್ನು ನೆಲದಿಂದ ಎತ್ತಿದ್ದು ಕೆಲಸ. 2001ರ ಸೆಪ್ಟೆಂಬರ್ 11ರ ದಾಳಿಯ ವರದಿಗೆ ನ್ಯೂಯಾರ್ಕಿಗೆ ಕರೆದೊಯ್ದದ್ದೂ ಅದೇ ಕೆಲಸ. ಅಲ್ಲಿನ ಸಾವುಗಳನ್ನು ನೋಡಿ ಕುಗ್ಗಿದವನು ಅದನ್ನು ಹೀದೊಗೆ ಹೇಳುವುದನ್ನೇ ಬಿಡುತ್ತಾನೆ. ಆಕೆ ಇದನ್ನು ಮೊದಲೇ ಕಂಡಿದ್ದಾಳೆ. ನ್ಯೂಸ್ ಆ್ಯಂಕರ್ ಆಗಿದ್ದ ಅವಳ ಅಮ್ಮ ಗಂಡನ ಅಂತ್ಯಕ್ರಿಯೆಗೂ ಬರದೆ ಸುದ್ದಿ ಓದುತ್ತಿದ್ದವಳು. ಕಾಯುವುದು ಹೇಗಿರುತ್ತದೆ ಎಂದು ಬಾಲ್ಯವಿಡೀ ಕಲಿತ ಹುಡುಗಿ ಮತ್ತೆ ಜೀವನಪೂರ್ತಿ ಕಾಯಲು ಒಪ್ಪದಿದ್ದರೆ ಅದರಲ್ಲಿ ತಪ್ಪೇನು? ಅವರನ್ನು ಸೇರಿಸಿದ್ದರೆ ನಮಗೆ ಸಮಾಧಾನ ಆಗುತ್ತಿತ್ತು, ಆದರೆ ಅಮ್ಮನ ಕಥೆಗೆ ಅರ್ಥವಿರುತ್ತಿರಲಿಲ್ಲ.

ನನ್ನ ತಕರಾರು ಬೇರೆಡೆ ಇದೆ. ವಿಸರ್ಜನೆಯಾದ ತಂಡದಲ್ಲಿ ಹೀದೊ ಒಬ್ಬಳೇ ಇರಲಿಲ್ಲವಲ್ಲ. ಅವಳು ಹಟ ಹಿಡಿದು ಬೇರೆ ಶಾಲೆ ಸೇರಿದಳು, ಮುಂದೆ ಚಾಂಪಿಯನ್ ಆದಳು. ಉಳಿದ ಹುಡುಗಿಯರು ಎಲ್ಲಿ ಹೋದರು? ಕ್ಯಾಮೆರಾ ಆ ಕಡೆ ಮತ್ತೆ ತಿರುಗುವುದೇ ಇಲ್ಲ. ನಮ್ಮ ಪ್ಲೇಸ್‌ಮೆಂಟ್ ಬ್ಯಾನರ್‌ಗಳೂ ಹೀಗೆಯೇ, ದೊಡ್ಡ ಪ್ಯಾಕೇಜ್ ಪಡೆದ ನಾಲ್ವರ ಫೋಟೊ ಮಾತ್ರ. 2023-24ರಲ್ಲಿ ದೇಶದ ಮೂರು ದೊಡ್ಡ ಐಟಿ ಕಂಪನಿಗಳ ಉದ್ಯೋಗಿಗಳ ಸಂಖ್ಯೆ ಒಟ್ಟಾರೆ 60 ಸಾವಿರಕ್ಕೂ ಹೆಚ್ಚು ಕಡಿಮೆಯಾಯಿತು. ಕೆಲಸ ಸಿಗದ ಸೀನಿಯರ್ ಒಬ್ಬರಿಗೆ ಸಿಕ್ಕ ಸಲಹೆ ಮಾತ್ರ ಹಳೆಯದೇ: ಕಮ್ಯುನಿಕೇಷನ್ ಸುಧಾರಿಸಿಕೊಳ್ಳಿ, ಇನ್ನೊಂದು ಸರ್ಟಿಫಿಕೇಟ್ ಮಾಡಿ. ಸಲಹೆ ಕೆಟ್ಟದ್ದಲ್ಲ. ಆದರೆ ನೇಮಕಾತಿಯೇ ನಿಂತಿದೆ ಎಂಬುದನ್ನು ಯಾರೂ ಅವರಿಗೆ ಬಾಯಿಬಿಟ್ಟು ಹೇಳಲಿಲ್ಲ. ಮನೆಯಲ್ಲಿ ಅಪ್ಪ ಅಮ್ಮ ಮಗನಲ್ಲೇ ಏನೋ ಕೊರತೆ ಇದೆ ಅಂದುಕೊಂಡರು, ಕ್ರಮೇಣ ಆತನೂ ಅದನ್ನೇ ನಂಬಿದರು. ಇದು ಕಾಲದ ಹೊಡೆತ ಎಂದು ಹೀದೊಗೆ ಹೇಳಲು ಒಬ್ಬರಾದರೂ ಇದ್ದರು. ಅದನ್ನು ಕೇಳಿಸಿಕೊಂಡು ಅವಳೇನೂ ಸುಮ್ಮನೆ ಕೂರಲಿಲ್ಲ.

ಇನ್ನೊಂದು ವಿಷಯ. ಕೊರಿಯಾ ಐಎಂಎಫ್ ಸಾಲವನ್ನು ಅವಧಿಗೆ ಮೂರು ವರ್ಷ ಮೊದಲೇ, 2001ರ ಆಗಸ್ಟ್‌ನಲ್ಲಿ ಪೂರ್ತಿ ತೀರಿಸಿತು. ಮರುತಿಂಗಳೇ ಆ ದಾಳಿ ನಡೆದದ್ದು, ಯಿಜಿನ್ ನ್ಯೂಯಾರ್ಕಿನ ವಿಮಾನ ಹತ್ತಿದ್ದು.